ಕುಂಕುಮ ಹಚ್ಚಿದ ಬದಿ

ಉದಗೀರದ ಆ ಅಂಗಡಿಯ ಮೆಟ್ಟಿಲು ಹತ್ತುತ್ತಲೇ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಬಡಿದದ್ದೇ ತಡ, ಬೆಳಿಗ್ಗೆ ಮನೆಯಲ್ಲಿ ಹೇಳಿ ಬಂದ ಸುಳ್ಳು ರೇವಣಸಿದ್ಧನಿಗೆ ನೆನಪಾಯಿತು. ‘ಹಳೇ ಪ್ಲೇಟು ನಾತ ಹೊಡೀತಾವ, ತೊಗರಿಗೆ ವಾಸನಿ ಹತ್ತತದ, ಬ್ಯಾರೆ ತರ್ತೀನಿ’ ಎಂದು ಹೇಳಿ ಹೊರಟಿದ್ದ. ಹೆಂಡತಿ ಕುಸುಮಬಾಯಿ ನಂಬಿದಳು. ಉಮರ್ಗಾದ ಮೋಂಢಾ ಪೇಟೆಯಲ್ಲಿ ಅಜ್ಜನ ಕಾಲದಿಂದ ಕಾಳಿನ ಅಡತಿ ಅಂಗಡಿ ನಡೆಸಿಕೊಂಡು ಬಂದ ಮನೆಯಲ್ಲಿ ಕಾಳಿಗೆ ವಾಸನೆ ಹತ್ತುತ್ತದೆ ಅಂದರೆ ಯಾರು ನಂಬುವುದಿಲ್ಲ? ಗೋದಾಮಿನಲ್ಲಿ ಆ ಪ್ಲೇಟು ಹಾಕಿ ಭಾರ ಎತ್ತುವ ಮಗಳು ಸಪನಾ ಮಾತ್ರ ಹಲ್ಲುಜ್ಜುತ್ತ ನಿಂತವಳು, ‘ನಾತ ಯಾವಾಗೋ ಹೋಗ್ಯದಲ್ಲಪ್ಪಾ’ ಎಂದು ನಕ್ಕಳು. ನಕ್ಕಳಷ್ಟೇ, ಅನುಮಾನ ಪಡಲಿಲ್ಲ. ಅನುಮಾನ ಪಟ್ಟು ಎದುರು ನಿಂತು ಕೇಳಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆನೇನೋ ಎಂದು ಬಸ್ಸು ಶಿರೂರ ಅನಂತಪಾಳ ದಾಟುವವರೆಗೂ ಅವನಿಗೆ ಅನ್ನಿಸುತ್ತಿತ್ತು. ಸುಳ್ಳೇನು ಅವನಿಗೆ ಹೊಸದೇ? ವ್ಯಾಪಾರಿಯ ಬಾಯಿ ಅದು. ಗಿರಾಕಿಯೆದುರು ‘ನಿಮಗಂತ ಹೇಳಿ ಕೊಡಲಿಕತ್ತೀನಿ ನೋಡ್ರಿ’ ಎಂಬ ಮಾತು ದಿನಕ್ಕೆ ಎಷ್ಟು ಸಲ ಉದುರುತ್ತದೋ ಶಿವನೇ ಬಲ್ಲ. ಆ ಸುಳ್ಳುಗಳೆಲ್ಲ ಸಂಜೆ ಅಂಗಡಿಯ ಕಸ ಗುಡಿಸುವಾಗ ಕಸದ ಜೊತೆಗೇ ಹೋಗುತ್ತಿದ್ದವು. ಇದೊಂದು ಹೋಗಲಿಲ್ಲ.

ಅಂಗಡಿಯ ಹುಡುಗ ಬಸವೇಶ್ವರ ಮಾತಿನ ಮಲ್ಲ. ‘ಬರ್ರಿ ಕಾಕಾ, ಬಸಾ. ಚಹಾ ಹೇಳ್ಲಿ?’ ಎಂದು ಕನ್ನಡ ಮರಾಠಿ ಕಲಸಿ ಉಪಚಾರ ಮಾಡಿದ. ಗೋಡೆಗೆ ಒರಗಿಸಿಟ್ಟ ದುಂಡನೆಯ ದಪ್ಪ ಪ್ಲೇಟುಗಳನ್ನು ಒಂದೊಂದಾಗಿ ಉರುಳಿಸಿ ತಂದ. ಇದು ಹಳೆಯ ಟೈರು ಪುಡಿ ಮಾಡಿ ಒತ್ತಿದ್ದು, ಅಗ್ಗ, ಬಿದ್ದರೆ ಜಾಸ್ತಿ ಪುಟಿಯುತ್ತದೆ. ಇದು ಗಟ್ಟಿ ರಬ್ಬರು, ನಡುವಿನ ತೂತಿಗೆ ಉಕ್ಕಿನ ಬಳೆ. ಇನ್ನು ಈ ಬಣ್ಣದವು ಪಂದ್ಯಕ್ಕೆ ಬಳಸುವಂಥವು. ತಲೆಯ ಮೇಲಿಂದ ಬಿಟ್ಟರೂ ನೆಲ ಒಡೆಯುವುದಿಲ್ಲ, ಕಬ್ಬಿಣದ ಪ್ಲೇಟಿಗೂ ಈ ರಬ್ಬರಿನ ಬಂಪರ್ ಪ್ಲೇಟಿಗೂ ಅದೇ ಫರಕು. ರೇವಣಸಿದ್ಧ ತಲೆಯಾಡಿಸುತ್ತ ಕೇಳಿದ. ಕೈ ಮಾತ್ರ ತನ್ನಷ್ಟಕ್ಕೆ ತಾನು ತನ್ನ ಕೆಲಸ ಮಾಡುತ್ತಿತ್ತು. ತೊಗರಿಯ ಹಸಿ ನೋಡುವ ಹಾಗೆ ರಬ್ಬರಿಗೆ ಉಗುರು ಊರಿ ನೋಡಿದ, ಬೆರಳು ಮೂಸಿದ, ಅಂಚಿನ ಮೇಲೆ ಅಂಗೈ ಆಡಿಸಿದ. ಹೋದ ಸಲವೂ ಇದನ್ನೇ ಮಾಡಿದ್ದ. ಮಹಾ ಬುದ್ಧಿವಂತ. ಮೂಸಿ, ಚಿವುಟಿ, ಬಡಿದು ನೋಡಿ, ಬೇರೆ ಊರಿನ ವ್ಯಾಪಾರಿಯೊಬ್ಬನ ಬೆವರಿಳಿಸಿ ದರ ಇಳಿಸಿದ್ದ. ಮಾಲು ಮನೆಗೆ ಬಂದ ಕೂಡಲೇ ಹಮಾಲ ಮಲ್ಲಣ್ಣನ ಕೈಯಲ್ಲಿ ಹದಿನೈದು, ಹತ್ತು, ಐದು ಕಿಲೋದವು ಎರಡೆರಡರಂತೆ ಆರೂ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿ ಗೋದಾಮಿನ ದೊಡ್ಡ ತೂಕದ ಕಾಟಾದ ಮೇಲಿಡಿಸಿದ. ಅರವತ್ತು ಕಿಲೋ ಬರಬೇಕಿತ್ತು, ಅರವತ್ತೇ ಬಂತು. ಕೂದಲೆಳೆಯ ಫರಕಿಲ್ಲ. ‘ನೋಡಿದ್ಯಾ? ನನಗ ಟೋಪಿ ಹಾಕವ ಇನ್ನಾ ಹುಟ್ಟಿಲ್ಲ’ ಎಂದು ಮಗಳೆದುರು ಮೀಸೆ ತಿರುವಿದ್ದ. ಅಯ್ಯೋ, ಆ ಮೀಸೆ ತಿರುವಿದ್ದನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ. ಕಾಳು ತೂಗುವವನಿಗೆ ರಾಶಿಯ ಲೆಕ್ಕ ಸಾಕು. ಈ ಚೀಲದಲ್ಲಿ ಒಂದು ಹಿಡಿ ಕಮ್ಮಿ, ಆ ಚೀಲದಲ್ಲಿ ಒಂದು ಹಿಡಿ ಜಾಸ್ತಿ, ಒಟ್ಟು ಸರಿ ಬಂದರೆ ಮುಗಿಯಿತು. ಪ್ಲೇಟು ಸಿಕ್ಕಿಸುವ ಕಬ್ಬಿಣದ ಬಾರಿಗೆ ಎರಡು ತುದಿ ಇರುತ್ತವೆ, ನಡುವೆ ಒಂದು ಹುಡುಗಿ ನಿಂತಿರುತ್ತಾಳೆ ಎಂಬುದು ಅವನ ತಲೆಗೆ ಹೊಳೆಯಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಪ್ಲೇಟುಗಳು ದಿನಾ ಅದಲುಬದಲಾಗಿ, ತೂಕದ ತಪ್ಪು ಒಂದು ದಿನ ಈ ಕೈಗೆ, ಒಂದು ದಿನ ಆ ಕೈಗೆ ಹಂಚಿಹೋಗುತ್ತಿತ್ತು. ಆದರೆ ಎದುರಿಗೇ ದಸರೆಯ ಖಂಡೆ ಪೂಜೆ ಬಂತು. ಅಂಗಡಿಯ ಕಾಟಾ, ತೂಕದ ಕಲ್ಲು, ಕೊಕ್ಕೆ, ಅಜ್ಜ ಮಾಣಿಕಪ್ಪನ ಕಾಲದ ಹಿತ್ತಾಳೆಯ ತಕ್ಕಡಿ ಎಲ್ಲಕ್ಕೂ ಇಭೂತಿ ಹಚ್ಚುವ ದಿನ. ‘ಪೋರಿ ಗಾಲಿಗೋಳಿಗೂ ಹಚ್ಚೋಣು’ ಎಂದಳು ಕುಸುಮಬಾಯಿ. ಅವಳ ಬಾಯಲ್ಲಿ ಪ್ಲೇಟುಗಳು ಕಡೆಗೂ ಗಾಲಿಗಳಾಗಿಯೇ ಉಳಿದವು. ಅವರ ಅಂಗಡಿಯ ರೂಢಿಯೊಂದಿತ್ತು. ತಕ್ಕಡಿಯ ಎಡ ಪರಡಿ, ಅಂದರೆ ಎಡ ತಟ್ಟೆ, ಮಾಲಿಗೆ, ಬಲ ಪರಡಿ ಕಲ್ಲಿಗೆ. ಕುಂಕುಮ ಕಲ್ಲಿನ ಪರಡಿಗೆ ಮಾತ್ರ. ಒಮ್ಮೆ ಪೂಜೆಯಾದ ಮೇಲೆ ಬದಿ ಬದಲಿಸುವುದಿಲ್ಲ, ಬದಲಿಸಿದರೆ ಅಂಗಡಿಯ ಬರಕತ್ತು ಹೋಗುತ್ತದೆ. ಅದರ ಪ್ರಕಾರ ಬಾರಿನ ಬಲಗಡೆಯ ಮೂರು ಪ್ಲೇಟುಗಳಿಗೆ ಕುಸುಮಬಾಯಿ ಕುಂಕುಮದ ಬೊಟ್ಟಿಟ್ಟಳು. ರಬ್ಬರಿನ ಮೇಲೆ ಕುಂಕುಮ ನಿಲ್ಲಲೊಲ್ಲದು ಎಂದು ಮಗಳ ಕೆಂಪು ಉಗುರುಬಣ್ಣವನ್ನೇ ತಂದು ಮೇಲೆ ಬಳಿದಳು. ಸಪನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕರೂ ಅವ್ವನ ಮಾತು ಮೀರಲಿಲ್ಲ. ಅಂದಿನಿಂದ ಬೊಟ್ಟಿನವು ಬಲಕ್ಕೆ, ಬೋಳಾದವು ಎಡಕ್ಕೆ. ಮೊದಮೊದಲು ಬಾರು ಬಲಕ್ಕೆ ವಾಲುತ್ತಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ರೇವಣಸಿದ್ಧ, ‘ರೂಢಿ ಆಗ್ತದ ಬಿಡವ್ವಾ, ಬಲಗೈಗೆ ಜರಾ ಜೋರು ಕೊಡು’ ಎಂದಿದ್ದ. ಕೊಟ್ಟಳು. ಅಪ್ಪನ ಮಾತೆಂದರೆ ಆ ಹುಡುಗಿಗೆ ಹಾಗೆ. ಕೊರಳಿನ ಲಿಂಗದ ಕರಡಿಗೆ ಬಾರಿಗೆ ತಾಗಬಾರದೆಂದು ಅದನ್ನು ರಟ್ಟೆಗೆ ಬಿಗಿದು ಕಟ್ಟಿಕೊಂಡು, ಕಣ್ಣು ಮುಚ್ಚಿ ಒಂದು ಗಳಿಗೆ ನಿಂತು, ಮತ್ತೆ ಎತ್ತುವಳು. ಬರಬರುತ್ತ ಬಾರು ನೆಟ್ಟಗಾಯಿತು. ಅವನಿಗೂ ಹೆಮ್ಮೆಯಾಯಿತು.

ಹೆಮ್ಮೆಯೆಂದರೆ ಹೆಮ್ಮೆ ಒಂದೇ ಅಲ್ಲ, ಅದರ ಕೆಳಗೆ ಇನ್ನೊಂದಿತ್ತು. ಆ ಹುಡುಗಿ ಮೊದಲು ದಿನಾ ಬಸ್ಸಿನಲ್ಲಿ ನಿಲಂಗಾಕ್ಕೆ ಹೋಗಿ ಅಲ್ಲಿನ ವ್ಯಾಯಾಮದ ಹಾಲ್‌ನಲ್ಲಿ ಭಾರ ಎತ್ತುತ್ತಿದ್ದಳು. ಮೋಂಢಾದಲ್ಲಿ ಜನ ಚುಡಾಯಿಸುತ್ತಿದ್ದರು: ‘ಏನ್ ಸಾವಕಾರ, ಹಮಾಲಿಗೆ ಮಂದಿ ಸಿಗವಲ್ರಂತ ಮಗಳನ್ನೇ ತಯಾರ ಮಾಡ್ಲಿಕತ್ತೀರಂತ?’ ಅವನೂ ಹೆಹ್ಹೆ ಎಂದು ನಗುತ್ತಿದ್ದ. ನಕ್ಕು, ಒಳಗೆ ಬಂದು ವಿನಾಕಾರಣ ಮಲ್ಲಣ್ಣನ ಮೇಲೆ ಹರಿಹಾಯುತ್ತಿದ್ದ. ಆಮೇಲೊಂದು ದಿನ ವಸೂಲಿಗೆಂದು ನಿಲಂಗಾಕ್ಕೆ ಹೋದವನು, ಮಗಳಿಗೆ ಹೇಳದೆ ಆ ಹಾಲ್‌ನ ಕಿಟಕಿಯ ಹತ್ತಿರ ನಿಂತ. ಒಳಗೆ ಮೈಗಂಟಿದ ಬಟ್ಟೆಯಲ್ಲಿ ಸಪನಾ. ಸುತ್ತ ಹುಡುಗರು ಚಪ್ಪಾಳೆ ತಟ್ಟುತ್ತ ‘ಉಚಲ್, ಉಚಲ್’, ಎತ್ತು, ಎತ್ತು, ಎಂದು ಹುರಿದುಂಬಿಸುತ್ತಿದ್ದರು. ಅವಳು ಬಾರು ಎತ್ತುವಾಗ ಗಂಟಲಿನಿಂದ ಒಂದು ದನಿ ತೆಗೆದಳು. ಅಬ್ಬ, ಎಂಥ ದನಿ ಅದು. ತನ್ನ ಮನೆಯಲ್ಲಿ ಹುಟ್ಟಿ ಬೆಳೆದ ಹುಡುಗಿಯ ಬಾಯಲ್ಲಿ ಅಂಥ ದನಿಯನ್ನು ಅವನು ಒಮ್ಮೆಯೂ ಕೇಳಿರಲಿಲ್ಲ. ತಲೆಯ ಮೇಲೆ ಬಾರು ಹಿಡಿದು ನಿಂತ ಆ ಮುಖ ಯಾರದೋ ಆಗಿತ್ತು. ಹುಡುಗರ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ, ಬಟ್ಟೆಯ ಮೇಲೂ ಬರಲಿಲ್ಲ. ಆ ಮುಖದಲ್ಲಿ ತನಗೆ ಜಾಗವಿಲ್ಲ ಎನ್ನಿಸಿತು. ಭೆಟ್ಟಿಯಾಗದೆ ಹಿಂದಿರುಗಿದ. ಮರುದಿನ, ‘ಬಸ್ಸಿನ ತ್ರಾಸ ಯಾಕವ್ವಾ, ಗೋದಾಮಿನ ಹಿಂದಿನ ಖೋಲಿ ಖಾಲಿನೇ ಅದ. ಮನ್ಯಾಗೇ ಎಲ್ಲಾ ಮಾಡಿಕೊಡ್ತೀನಿ’ ಎಂದ. ಸಪನಾ ಅವನ ಕೊರಳಿಗೆ ಬಿದ್ದಳು. ಅಷ್ಟು ದೊಡ್ಡ ಹುಡುಗಿ ಸಣ್ಣ ಕೂಸಿನ ಹಾಗೆ ಜಿಗಿದಾಡಿದಳು. ಆ ಸಂತೋಷವನ್ನು ಅವನು ಕಳ್ಳಮಾಲಿನ ಹಾಗೆ ಒಳಗಿಟ್ಟುಕೊಂಡ.

ಆಮೇಲೆ ಅವಳು ಐತವಾರಕ್ಕೊಮ್ಮೆ ಮಾತ್ರ ನಿಲಂಗಾಕ್ಕೆ ಹೋಗತೊಡಗಿದಳು, ಅಲ್ಲಿ ಕಲಿಸುವ ಸರ್‌ಗೆ ತೋರಿಸಲಿಕ್ಕೆ. ಹೋದಾಗಲೆಲ್ಲ ಮುಖ ಸಪ್ಪಗೆ ಮಾಡಿಕೊಂಡು ಬರತೊಡಗಿದಳು. ಅಲ್ಲಿ ಎತ್ತಿದರೆ ಬಾರಿನ ಬಲತುದಿ ಮೊದಲು ಹಾರುತ್ತದೆ, ಎಡತುದಿ ಕೆಳಗೇ ಉಳಿಯುತ್ತದೆ. ‘ಡಾವೀ ಬಾಜೂ ಕಚ್ಚೀ ಆಹೇ ತುಝೀ’, ನಿನ್ನ ಎಡಗಡೆ ಕಚ್ಚಾ ಇದೆ, ಎಂದರಂತೆ ಸರ್. ಸರಿ ಮಾಡಿಕೊಳ್ಳದಿದ್ದರೆ ಮುಂದಿನ ತಿಂಗಳು ಲಾತೂರಿನಲ್ಲಿ ಪಂದ್ಯಕ್ಕೆ ಆಗುವ ಆಯ್ಕೆಗೆ ಹೆಸರು ಕೊಡುವುದಿಲ್ಲ ಎಂದರಂತೆ. ವಿಚಿತ್ರವೆಂದರೆ ಮನೆಯಲ್ಲಿ ಬಾರು ದಾರ ಹಿಡಿದಷ್ಟು ನೆಟ್ಟಗೆ ಏರುತ್ತಿತ್ತು. ಸಪನಾ ತಾನೇ ಮೊಬೈಲಿನಲ್ಲಿ ಹಿಡಿದು ಹಿಂದೆ ಮುಂದೆ ಮಾಡಿ ನೋಡಿದ್ದಳು. ‘ನಾಕ ಮಂದಿ ಮುಂದ ನಿಂತ್ರ ನನಗ ಅಂಜಿಕಿ ಆಗ್ತದಪ್ಪಾ, ಅದಕ್ಕೇ ಮೈ ಸೊಟ್ಟ ಆಗ್ತದ’ ಎಂದು ಅವಳೇ ತೀರ್ಮಾನಿಸಿದಳು. ಅಂಜಿಕೆ! ಬಾರು ಹಿಡಿದು ಹಾಗೆ ಒದರಿದ ಹುಡುಗಿಗೆ ಅಂಜಿಕೆ! ರೇವಣಸಿದ್ಧ ಆ ಮಾತನ್ನು ಅಲ್ಲಿಯೇ ತಳ್ಳಿಹಾಕಬೇಕಿತ್ತು. ಹಾಕಲಿಲ್ಲ. ‘ಹೌದು, ಮನಿ ಅಂದ್ರ ಮನೀನೇ. ಇಲ್ಲೇ ಮಾಡು, ಇಲ್ಲಿ ಛಲೋ ಆಗ್ತದಲ್ಲ’ ಎಂದ. ಎಷ್ಟು ಮೆತ್ತಗೆ ಹೇಳಿದನೆಂದರೆ ಅದು ಸಮಾಧಾನದ ಮಾತೆಂದು ಅವನಿಗೇ ಅನ್ನಿಸಿತು.

ನಿನ್ನೆ ಹೊಸ ತೊಗರಿಯ ಚೀಲ ಬಂದವು. ಜಾಗ ಸಾಲದೆ ಪ್ಲೇಟುಗಳನ್ನು ಸರಿಸಬೇಕಾಯಿತು. ಮಗಳು ಕಾಲೇಜಿಗೆ ಹೋಗಿದ್ದಳು. ಒಂದು ಪ್ಲೇಟನ್ನು ಎತ್ತಿ, ಹತ್ತಿರವಿತ್ತೆಂದು ಕಾಟಾದ ಮೇಲಿಟ್ಟ, ಅಷ್ಟೇ. ಕೆಂಪು ಅಂಕಿ ಮಿನುಗಿ ನಿಂತಿತು. ಹದಿನೈದು ಇರಬೇಕಾದದ್ದು ಹದಿನೈದಕ್ಕಿಂತ ಕಮ್ಮಿ. ಉಳಿದವನ್ನೂ ಒಂದೊಂದಾಗಿ ಇಟ್ಟ. ಬೋಳು ಪ್ಲೇಟುಗಳು ಒಂದೊಂದೂ ಕಮ್ಮಿ, ಬೊಟ್ಟಿನವು ಒಂದೊಂದೂ ಜಾಸ್ತಿ. ಆ ಬದಿಗೂ ಈ ಬದಿಗೂ ಹೆಚ್ಚುಕಡಿಮೆ ಒಂದು ಕಿಲೋದ ಅಂತರ. ಒಟ್ಟು ಮಾತ್ರ ಅದೇ ಅರವತ್ತು. ರೇವಣಸಿದ್ಧ ಚೀಲದ ಮೇಲೆ ಕುಳಿತ. ಹೊರಗೆ ಯಾರೋ ದರ ಕೇಳಿದರು, ಅವನು ಏನೋ ಒಂದು ಹೇಳಿದ. ಸಂಜೆ ಮಗಳು ಬರುವುದರೊಳಗೆ ಎಲ್ಲವನ್ನೂ ಮೊದಲಿನ ಹಾಗೆಯೇ ಜೋಡಿಸಿಟ್ಟ, ಬೊಟ್ಟಿನವು ಬಲಕ್ಕೆ, ಬೋಳಾದವು ಎಡಕ್ಕೆ. ಆಗ ಹೇಳಲಿಲ್ಲ. ಊಟಕ್ಕೆ ಕೂತಾಗಲೂ ಹೇಳಲಿಲ್ಲ. ಮೊದಲು ಸರಿಯಾದ ಪ್ಲೇಟು ತಂದುಬಿಡುವುದು, ಎಲ್ಲ ನೆಟ್ಟಗಾದ ಮೇಲೆ ಎಂದಾದರೂ ನಗುತ್ತ ಹೇಳುವುದು ಎಂದುಕೊಂಡ.

‘ಇವನ್ನ ಒಂದೊಂದೇ ತೂಗಿ ತೋರಸ್ತೀಯೇನಪಾ?’ ಎಂದು ಕೇಳಿದ ಈಗ ಬಸವೇಶ್ವರನನ್ನು.

‘ಮ್ಯಾಲ ಬರದದಲ್ರೀ ಕಾಕಾ, ಹದಿನೈದು ಅಂತ!’

‘ಬರದದ್ದು ನನಗೂ ಕಾಣ್ತದ. ತೂಗು.’

ದನಿ ತನಗೆ ಗೊತ್ತಿಲ್ಲದೆ ಏರಿತ್ತು. ಹುಡುಗ ಮುಖ ಗಂಟು ಹಾಕಿಕೊಂಡು ಪಾರ್ಸಲ್ ತೂಗುವ ಕಾಟಾ ತಂದ. ಟೈರು ಪುಡಿಯವು ಹಾಳಾಗಿ ಹೋಗಲಿ, ಒಂದೊಂದು ಒಂದೊಂದು ರೀತಿ. ಗಟ್ಟಿ ರಬ್ಬರಿನವು ಪರವಾಗಿಲ್ಲ. ಬಣ್ಣದವು ಮಾತ್ರ ಜೋಡಿಗೆ ಜೋಡಿ ಒಂದೇ ಅಂಕಿ ತೋರಿಸಿದವು. ಬಣ್ಣದವನ್ನೇ ಕಟ್ಟು ಎಂದ. ದರ ಚೌಕಾಸಿ ಮಾಡಲಿಲ್ಲ. ಬಸವೇಶ್ವರನಿಗೇ ಅದು ಅಪಶಕುನದ ಹಾಗೆ ಕಂಡಿರಬೇಕು, ಎರಡು ಸಲ ದರ ಹೇಳಿದ. ಹಗ್ಗ ಬಿಗಿಯುವಾಗ ರೇವಣಸಿದ್ಧ ಎತ್ತಲೋ ನೋಡುತ್ತ ಕೇಳಿದ, ‘ಒಂದ ಬದಿ ಜಡ, ಒಂದ ಬದಿ ಹಗುರ ಇಟಕೊಂಡು ನಾಕೈದು ತಿಂಗಳು ಎತ್ತಿದ್ರ ಏನಾರ ಆಗ್ತದೇನು?’ ‘ಏನಾಗ್ತದ ಕಾಕಾ? ಏನೂ ಆಗಲ್ಲ’ ಎಂದ ಹುಡುಗ, ಗಂಟು ಹಾಕುತ್ತ. ಅವನಿಗೇನು ಗೊತ್ತು, ಅವನು ಮಾರುವವನು. ಆದರೂ ರೇವಣಸಿದ್ಧ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಬಾಡಿಗೆಯ ಟೆಂಪೋದಲ್ಲಿ ಡ್ರೈವರನ ಪಕ್ಕ ಕುಳಿತು ಉಮರ್ಗಾ ಮುಟ್ಟುವವರೆಗೂ, ಏನೂ ಆಗಲ್ಲ, ಏನೂ ಆಗಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಮೂರರ ಬಿಸಿಲು ಗೋದಾಮಿನ ಬಾಗಿಲಿಗೆ ಬಂದಿತ್ತು. ಸಪನಾ ಹಳದಿ, ಹಸಿರು ಪ್ಲೇಟುಗಳನ್ನು ನೋಡಿ ಎರಡೂ ಕೈ ಕೆನ್ನೆಗೆ ಹಚ್ಚಿಕೊಂಡಳು. ‘ಅಪ್ಪಾ! ಇವು ಪಂದ್ಯದವು! ನಿನಗ ಹುಚ್ಚ ಹಿಡದದೇನು?’ ಕುಸುಮಬಾಯಿ ಆಗಲೇ ಉಗುರುಬಣ್ಣದ ಸೀಸೆ ಹಿಡಿದು ಬಂದಿದ್ದಳು. ‘ಹಚ್ಚಬ್ಯಾಡ’ ಎಂದ ರೇವಣಸಿದ್ಧ. ‘ಯಾಕ್ರೀ?’ ‘ಹಚ್ಚಬ್ಯಾಡ ಅಂದ್ರ ಹಚ್ಚಬ್ಯಾಡ!’ ಕುಸುಮಬಾಯಿ ಬೆರಗಾಗಿ ನಿಂತಳು. ಸಪನಾಳಿಗೆ ಇದು ಯಾವುದೂ ಕೇಳಿಸಲಿಲ್ಲ. ಲಿಂಗದ ಕರಡಿಗೆಯನ್ನು ರಟ್ಟೆಗೆ ಕಟ್ಟಿಕೊಂಡು, ಕೈಗೆ ಸೀಮೆಸುಣ್ಣದ ಪುಡಿ ತಿಕ್ಕಿಕೊಂಡು ಬಾರಿನ ಮುಂದೆ ನಿಂತಿದ್ದಳು. ಆಗಲೂ ಹೇಳಬಹುದಿತ್ತು. ತಡಿ ಅವ್ವಾ, ಒಂದು ಮಾತು, ಎಂದರೆ ಸಾಕಿತ್ತು. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

ಬಾರು ಮೇಲೆದ್ದಿತು. ಬಲತುದಿ ಮುಂಚೆ ಹಾರಿತು, ಎಡತುದಿ ಹಿಂದುಳಿದು ತಡವರಿಸಿತು. ಅವಳು ಒಂದು ಹೆಜ್ಜೆ ಪಕ್ಕಕ್ಕೆ ಜೋಲಿ ಹೊಡೆದು ಬಾರು ಬಿಟ್ಟಳು. ಪ್ಲೇಟುಗಳು ಒಂದಾದ ಮೇಲೊಂದು ನೆಲಕ್ಕೆ ಬಡಿದವು. ಮತ್ತೊಮ್ಮೆ ಎತ್ತಿದಳು. ಮತ್ತೆ ಹಾಗೆಯೇ. ಭಾರ ಕಮ್ಮಿ ಮಾಡಿ ಎತ್ತಿದಳು, ಆಗಲೂ ಹಾಗೆಯೇ. ಆಗ ರೇವಣಸಿದ್ಧನಿಗೆ ಎಲ್ಲ ಸ್ಪಷ್ಟವಾಯಿತು. ಪ್ಲೇಟು ಬದಲಾಗಿತ್ತು, ಮಗಳ ಮೈ ಬದಲಾಗಿರಲಿಲ್ಲ. ನಾಲ್ಕು ತಿಂಗಳು ದಿನಾ ಸೊಟ್ಟ ತೂಕ ಹೊತ್ತು, ಅಪ್ಪ ಹೇಳಿದ ಹಾಗೆ ಬಲಗೈಗೆ ಜೋರು ಕೊಟ್ಟು ಕೊಟ್ಟು, ಆ ಮೈ ಸೊಟ್ಟದ್ದನ್ನೇ ನೆಟ್ಟಗೆಂದು ಕಲಿತುಬಿಟ್ಟಿತ್ತು. ನಿಲಂಗಾದಲ್ಲಿ ಸರ್ ಕಂಡದ್ದು ಇದನ್ನೇ. ಅಲ್ಲಿಯ ತೂಕ ಖರೆ ಇತ್ತು.

ಸಪನಾ ತೊಗರಿಯ ಚೀಲದ ಮೇಲೆ ಕುಳಿತಳು. ಅಂಗೈಯ ಸೀಮೆಸುಣ್ಣದ ಪುಡಿಯನ್ನು ನಿಧಾನವಾಗಿ ಒರೆಸಿಕೊಂಡಳು. ‘ಮನ್ಯಾಗೂ ಬಂತಪ್ಪಾ’ ಎಂದಳು. ‘ಇಲ್ಲಿ ಯಾವ ಮಂದಿನೂ ಇಲ್ಲ. ಅಂದ್ರ ಅಂಜಿಕಿ ಅಲ್ಲ ಇದು. ನನ್ನ ಮೈಯಾಗೇ ಐಬ ಅದ.’ ಅಳಲಿಲ್ಲ. ಅತ್ತಿದ್ದರೆ ಅವನು ಏನಾದರೂ ಮಾಡುತ್ತಿದ್ದ. ‘ಲಾತೂರ ಬ್ಯಾಡ. ಸರ್‌ಗೆ ಫೋನ್ ಮಾಡಿ ಹೇಳಿಬಿಡ್ತೀನಿ. ಈ ಬಣ್ಣದವು ವಾಪಸ ಕೊಟ್ಟುಬಿಡು, ಎದಕ ಸುಮ್ಮ ದಂಡ.’

‘ಹೋಗ್ಲಿ ಬಿಡವ್ವಾ’ ಎಂದಳು ಕುಸುಮಬಾಯಿ, ಮಗಳ ಬೆನ್ನ ಮೇಲೆ ಕೈಯಾಡಿಸುತ್ತ. ‘ಮೈಗೆ ಹಚ್ಚಿಕೋಬ್ಯಾಡ. ಮನ್ಯಾಗ ಆರಾಮ ಇರು.’

ಮನೆಯಲ್ಲಿ ಆರಾಮ ಇರು. ಆ ಮಾತು ಕಿವಿಗೆ ಬಿದ್ದಾಗ ರೇವಣಸಿದ್ಧನ ಎದೆಯಲ್ಲಿ ಏನೋ ಹಗುರಾಯಿತು. ಹೌದು, ಹಗುರಾಯಿತು. ಇನ್ನು ಲಾತೂರಿಲ್ಲ, ನಿಲಂಗಾ ಇಲ್ಲ, ಕಿಟಕಿಯ ಹೊರಗೆ ಕಳ್ಳನ ಹಾಗೆ ನಿಲ್ಲುವುದಿಲ್ಲ. ಹುಡುಗಿ ತನ್ನ ಪಾಡಿಗೆ ಗೋದಾಮಿನಲ್ಲಿ ಒಂದಷ್ಟು ದಿನ ಎತ್ತಿ, ಆಮೇಲೆ ಬಿಟ್ಟು, ತನ್ನ ಹುಡುಗಿಯಾಗಿಯೇ ಉಳಿಯುತ್ತಾಳೆ. ಸುಮ್ಮನಿದ್ದರೆ ಸಾಕು. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ಎಲ್ಲ ತಾನಾಗಿಯೇ ಆಗುತ್ತದೆ. ಹೀಗೆ ಹಗುರಾಗಿ ನಿಂತವನಿಗೆ, ಈ ಹಗುರ ಎಲ್ಲಿಂದ ಬಂತು ಎಂದು ತಟ್ಟನೆ ತಿಳಿಯಿತು. ಛೀ, ನಾನೆಂಥ ಮನುಷ್ಯ! ತನ್ನ ಮೇಲೆ ತನಗೇ ಹೇಸಿಕೆಯಾಯಿತು. ತೂಕ ತಪ್ಪಿದ್ದು ಕೈತಪ್ಪು. ಮಗಳು ತನ್ನ ಮೈಯಲ್ಲೇ ಐಬಿದೆ ಎಂದು ನಂಬಿ ಚೀಲದ ಮೇಲೆ ಕೂತಿದ್ದಾಳೆ, ಅದನ್ನು ನೋಡಿ ತಾನು ಹಗುರಾದೆನಲ್ಲ, ಇದಕ್ಕೆ ಏನೆನ್ನುವುದು?

ಮೂಲೆಯಲ್ಲಿದ್ದ ಹಳೆಯ ಪ್ಲೇಟುಗಳ ಕಡೆಗೆ ಹೋದ. ಬೋಳು ಪ್ಲೇಟುಗಳು ಮೂರನ್ನೂ ಒಬ್ಬನೇ ಏದುತ್ತ ತಂದು ಕಾಟಾದ ಮೇಲಿಟ್ಟ. ‘ನೋಡು’ ಎಂದ. ಸಪನಾ ತಲೆಯೆತ್ತಿದಳು. ಅಂಕಿ ನಿಂತ ಮೇಲೆ ಅವನ್ನು ಇಳಿಸಿ, ಬೊಟ್ಟಿನ ಮೂರನ್ನು ಇಟ್ಟ. ‘ಈಗ ನೋಡು.’ ಅವಳು ಎದ್ದು ಬಂದು ಬಾಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಕುಸುಮಬಾಯಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ತಾನಿಟ್ಟ ಬೊಟ್ಟುಗಳನ್ನು ಕಂಡು, ‘ಅಯ್ಯ ಶಿವನೇ’ ಎಂದು ಸೆರಗು ಬಾಯಿಗೆ ಒತ್ತಿಕೊಂಡಳು.

‘ಅಂದ್ರ ನನ್ನ ಎಡಗೈ ಕಚ್ಚಾ ಇರಲಿಲ್ಲ’ ಎಂದಳು ಸಪನಾ, ತನಗೆ ತಾನೇ ಹೇಳಿಕೊಳ್ಳುವ ಹಾಗೆ.

‘ಇರಲಿಲ್ಲವ್ವಾ. ನಂದೇ ತಪ್ಪು. ಎಲ್ಲಾ ಕೂಡಿ ಒಂದೇ ಸರ್ತಿ ತೂಗಿದೆ. ಕಾಳು ತೂಗಿದಂಗ ತೂಗಿದೆ.’

‘ನಿನಗ ಯಾವಾಗ ಗೊತ್ತಾತು?’

‘ನಿನ್ನಿ.’

‘ನಿನ್ನಿ’ ಎಂದಳು. ತೂಕದ ಮಾತು ಕೇಳಿದಾಗ ಬಾರದ ನೀರು ಈಗ ಅವಳ ಕಣ್ಣಿಗೆ ಬಂತು. ‘ನಿನ್ನಿ ಗೊತ್ತಾತು. ಇವತ್ತ ನಾ ಎತ್ತೂದು ನೋಡಿಕೋತ ನಿಂತಿದ್ದಿ. ನನ್ನ ಮೈಯಾಗ ಐಬ ಅದ ಅಂದೆ, ಅದನ್ನೂ ಕೇಳಿಕೋತ ನಿಂತಿದ್ದಿ.’

‘ಹೊಸಾವ ತಂದ್ರ ಸರಿ ಆಗ್ತದ ಅಂದ್ಕೊಂಡಿದ್ದೆ...’

‘ಸರಿ ಮಾಡ್ಕೋತೀನಿ. ತಿಂಗಳ ಟೈಮ ಅದ’ ಎಂದು ಮುಂಗೈಯಿಂದ ಕಣ್ಣೊರೆಸಿಕೊಂಡಳು. ಕೆನ್ನೆಯ ಮೇಲೆ ಸೀಮೆಸುಣ್ಣದ ಪುಡಿ ಮೆತ್ತಿತು. ‘ಇಲ್ಲಿ ಅಲ್ಲ. ನಾಳಿಂದ ದಿನಾ ನಿಲಂಗಾಕ್ಕ ಹೋಗ್ತೀನಿ. ಸರ್ ಮುಂದೇ ಮಾಡ್ತೀನಿ.’

‘ಹೋಗು. ಹೋಗಬೇಕು ನೀ’ ಎಂದ. ತಾನು ಇಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ‘ನಾನೂ ಬರ್ತೀನಿ ಸಂಗಟ. ಅಂಗಡಿ ಮಲ್ಲಣ್ಣ ನೋಡ್ಕೋತಾನ. ಒಳಗ ಬರಂಗಿಲ್ಲ, ಹೊರಗೇ ಒಂದ ಕಡಿ ನಿಂತಿರ್ತೀನಿ.’

ಸಪನಾ ರಟ್ಟೆಯ ಗಂಟು ಬಿಚ್ಚಿ ಲಿಂಗವನ್ನು ಮತ್ತೆ ಕೊರಳಿಗೆ ಹಾಕಿಕೊಂಡಳು. ಸಿಟ್ಟಿನಿಂದೇನೂ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

‘ಬ್ಯಾಡಪ್ಪಾ. ನೀ ಯಾವ ಕಡಿ ನಿಂತಿರ್ತಿ, ನಾ ಆ ಕಡೀನೇ ವಾಲತೀನಿ.’

ಅವಳು ಒಳಗೆ ಹೋದಳು, ಹಿಂದೆಯೇ ಕುಸುಮಬಾಯಿಯೂ ಹೋದಳು. ರೇವಣಸಿದ್ಧ ತಾನು ದಿನಾ ನಿಂತು ನೋಡುತ್ತಿದ್ದ ಬಾಗಿಲು ಬಿಟ್ಟು ಈಚೆಗೆ ಸರಿದು ನಿಂತ. ಅಂಗಡಿಯ ಕಡೆಯಿಂದ ಯಾರೋ ‘ಸಾವಕಾರ, ಓ ಸಾವಕಾರ’ ಎಂದು ಕರೆಯುತ್ತಿದ್ದರು. ಅವನು ಬಗ್ಗಿ, ಕಾಟಾದ ಮೇಲಿದ್ದ ಬೊಟ್ಟಿನ ಪ್ಲೇಟುಗಳನ್ನು ಒಂದೊಂದಾಗಿ ಇಳಿಸತೊಡಗಿದ.